ಕನಸಿನ ಫಲ, ಅರ್ಥದ ಹೊಣೆ: ಮೈಲಾರ ಸೀಮೆಯ ಆಧಾರದಲ್ಲಿ ಒಂದು ಸಂಶೋಧನಾ ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ಕನಸಿನ ಅರ್ಥ ಹುಡುಕುವವರು ಸಾಮಾನ್ಯವಾಗಿ ಕನಸನ್ನೇ ಕೆದಕುತ್ತಾರೆ. ಹಾವು ಕಂಡರೆ ಏನು, ಹಲ್ಲು ಉದುರಿದರೆ ಏನು, ತೀರಿಕೊಂಡ ಹಿರಿಯರು ಬಂದು ಊಟ ಕೇಳಿದರೆ ಏನು ಎಂದು ಪಟ್ಟಿ ಮಾಡುತ್ತಾರೆ. ಈ ಟಿಪ್ಪಣಿ ಅರ್ಥ ಹೇಳುವವರನ್ನು ಗಮನಿಸುತ್ತದೆ. ಕಂಡದ್ದು, ಹೇಳಿದ್ದು, ಬಿಡಿಸಿದ್ದು ಎಂದು ಪ್ರತಿ ಕನಸಿಗೂ ಮೂರು ಹಂತಗಳಿವೆ. ಕಂಡದ್ದು ಕಂಡವರೊಬ್ಬರಿಗೇ ಗೊತ್ತು. ಹೇಳಿದ್ದು ಮನೆಮಂದಿಗೆ ತಲುಪುತ್ತದೆ. ಬಿಡಿಸಿದ ಮೇಲೆ ಹರಕೆ ಕಟ್ಟುತ್ತಾರೆ, ಮದುವೆ ಮುಂದೂಡುತ್ತಾರೆ, ಊರು ಬಿಡುತ್ತಾರೆ, ಮಕ್ಕಳ ಬಾಳು ತೀರ್ಮಾನಿಸುತ್ತಾರೆ. ಜನ ಕನಸಿನ ಫಲವೆಂದು ಕರೆಯುವುದು ಬಹುಮಟ್ಟಿಗೆ ಈ ಮೂರನೆಯ ಹಂತದ ಫಲ ಎಂಬುದು ನನ್ನ ವಾದ.

ವಾದವನ್ನು ಪರೀಕ್ಷಿಸಲು ವಿಜಯನಗರ ಜಿಲ್ಲೆಯ ಪಡುವಣ ಮತ್ತು ತೆಂಕಣ ಭಾಗವನ್ನು ಆರಿಸಿಕೊಂಡಿದ್ದೇನೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದವುಗಳ ಜೊತೆ ಹೊಸ ಜಿಲ್ಲೆಯ ಪಾಲಾಯಿತು. ತುಂಗಭದ್ರೆ ಅಂಚಿನಲ್ಲೇ ಹರಿದರೂ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿನ ಮನೆಮನೆಯ ಅನುಭವ. ಮುಂದೇನು ಎಂಬ ಪ್ರಶ್ನೆ ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಸೂಚನೆಗಳನ್ನು ಓದುವ ಪರಂಪರೆ ಈ ನೆಲದಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣವನ್ನು ಇಲ್ಲಿಂದಲೇ ಹುಡುಕಬೇಕು.

2. ಶಾಸ್ತ್ರ ಹೇಳುವ ಎಚ್ಚರಿಕೆ

ಕನಸುಗಳೆಲ್ಲವೂ ಸೂಚನೆಗಳು ಎಂದು ನಮ್ಮ ಹಳೆಯ ಶಾಸ್ತ್ರಗಳು ಹೇಳುತ್ತವೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಚರಕಸಂಹಿತೆ ಹಾಗೆ ಹೇಳುವುದಿಲ್ಲ. ಅದರ ಇಂದ್ರಿಯಸ್ಥಾನದ ಐದನೆಯ ಅಧ್ಯಾಯ ಕನಸನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ನೋಡಿದ್ದರಿಂದ ಬಂದದ್ದು, ಕೇಳಿದ್ದರಿಂದ ಬಂದದ್ದು, ಅನುಭವಿಸಿದ್ದರಿಂದ ಬಂದದ್ದು, ಬಯಸಿದ್ದರಿಂದ ಬಂದದ್ದು, ಕಲ್ಪಿಸಿದ್ದರಿಂದ ಬಂದದ್ದು, ಮುಂದಾಗುವುದನ್ನು ತೋರುವಂಥದ್ದು, ದೇಹದ ದೋಷದಿಂದ ಹುಟ್ಟಿದ್ದು. ಮೊದಲ ಐದು ಬಗೆಗೆ ಫಲವಿಲ್ಲ ಎಂಬುದು ಅದರ ಸ್ಪಷ್ಟ ನಿರ್ಣಯ. ಹಗಲುಗನಸು, ತೀರ ಚಿಕ್ಕ ಕನಸು, ತೀರ ಉದ್ದದ ಕನಸು ಇವೂ ನಿಷ್ಫಲ. ರಾತ್ರಿಯ ಮೊದಲ ಭಾಗದಲ್ಲಿ ಕಂಡದ್ದಕ್ಕೆ ಅಲ್ಪ ಫಲ. ಕೆಟ್ಟ ಕನಸಿನ ಹಿಂದೆಯೇ ಒಳ್ಳೆಯದು ಬಿದ್ದರೆ ಒಳ್ಳೆಯದೇ ನಿಲ್ಲುತ್ತದೆ.

ಇಷ್ಟನ್ನೂ ಜರಡಿ ಹಿಡಿದ ಮೇಲೆ ಉಳಿಯುವ ಕನಸುಗಳು ಬಹಳ ಕಡಿಮೆ. ಉಳಿದ ಎರಡು ಬಗೆಗಳಲ್ಲಿ ಒಂದು ವೈದ್ಯನ ಕೆಲಸಕ್ಕೆ ಸೇರಿದ್ದು, ರೋಗದ ಗುರುತು. ಅಂದರೆ ಕನಸು ಕಂಡವರು ಹಿಂದಿನ ದಿನ ಏನು ನೋಡಿದರು, ಏನು ಕೇಳಿದರು, ಏನು ಬಯಸುತ್ತಿದ್ದರು, ಮೈ ಹೇಗಿತ್ತು ಎಂದು ವಿಚಾರಿಸದೆ ಫಲ ಹೇಳಲು ಹೊರಡುವುದು ಆ ಶಾಸ್ತ್ರದ ಮಟ್ಟಿಗೆ ಅಶಾಸ್ತ್ರೀಯ. ಪುರಾಣಗಳ ಸ್ವಪ್ನಾಧ್ಯಾಯಗಳು ರಾತ್ರಿಯ ಜಾವಗಳನ್ನು ಹಿಡಿದು ಫಲ ಬರುವ ಕಾಲವನ್ನು ಹೇಳುತ್ತವೆ. ಜಾವ ಬೆಳಗಿಗೆ ಹತ್ತಿರವಾದಷ್ಟೂ ಫಲ ಬೇಗ ಬರುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ಹಳ್ಳಿಗಳ ಮಾತು ಇದೇ ಎಣಿಕೆಯ ಜೊತೆ ಹೊಂದುತ್ತದೆ.

ಆಧುನಿಕ ಚಿಂತನೆಯೂ ಒಂದು ಮಟ್ಟಿಗೆ ಇಲ್ಲಿಗೇ ಬಂದು ಸೇರಿತು. 1900ರ ಮುದ್ರಣವರ್ಷ ಹೊತ್ತು ಪ್ರಕಟವಾದ ಸಿಗ್ಮಂಡ್ ಫ್ರಾಯ್ಡ್ ಅವರ ಕನಸಿನ ಗ್ರಂಥ, ಒಂದೊಂದು ಚಿತ್ರಕ್ಕೆ ಒಂದೊಂದು ಸಿದ್ಧ ಅರ್ಥ ಕೊಡುವ ಪದ್ಧತಿಯನ್ನು ಸಾಲದೆಂದು ಬದಿಗಿಟ್ಟು, ಕಂಡವರಿಗೆ ಆ ಚಿತ್ರದಿಂದ ಏನೇನು ನೆನಪಾಗುತ್ತದೆ ಎಂಬುದನ್ನು ಮುಖ್ಯವಾಗಿಸಿತು. 1953ರಲ್ಲಿ ಶಿಕಾಗೋದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ನಿದ್ದೆಯಲ್ಲಿ ಕಣ್ಣುಗುಡ್ಡೆ ವೇಗವಾಗಿ ಚಲಿಸುವ ಹಂತವನ್ನು ಗುರುತಿಸಿ, ಕನಸಿಗೂ ಅದಕ್ಕೂ ಇರುವ ನಂಟನ್ನು ತೋರಿಸಿದರು. ಆ ಹಂತ ಬೆಳಗಿನ ಹೊತ್ತಿಗೆ ದೀರ್ಘವಾಗುತ್ತದೆ. ಆ ಹೊತ್ತಿನ ಕನಸಿನ ನಡುವೆ ಎಚ್ಚರವಾದರೆ ಅದು ಚೆನ್ನಾಗಿ ನೆನಪಿರುತ್ತದೆ. ಬೆಳಗಿನ ಕನಸಿಗೆ ಜನ ಕೊಟ್ಟ ಮಹತ್ವದ ಹಿಂದೆ ಈ ನೆನಪಿನ ಸ್ಪಷ್ಟತೆ ಇರಬಹುದು. ಆದರೆ ಕನಸು ನೆನಪಿನಲ್ಲಿ ಸ್ಪಷ್ಟವಾಗಿ ಉಳಿದದ್ದು, ಅದು ನಿಜವಾಗುತ್ತದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

3. ಕನ್ನಡ ಪರಂಪರೆಯ ಎರಡು ಸಾಕ್ಷಿಗಳು

ಅರ್ಥ ಹೇಳುವವರ ಮೇಲೆ ಎಂಥ ಹೊಣೆ ಇದೆ ಎಂಬುದನ್ನು ಕನ್ನಡನಾಡಿನ ಜೈನ ಪರಂಪರೆ ಎರಡು ಎದುರುಬದುರು ನಿದರ್ಶನಗಳಲ್ಲಿ ತೋರಿಸಿದೆ. ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಹಗರಿಬೊಮ್ಮನಹಳ್ಳಿ ಭಾಗದ ಕೋಗಳಿ ಹಳೆಯ ಜೈನ ಕೇಂದ್ರ. ಕೋಗಳಿ ಐನೂರು ಎಂಬ ನಾಡಿನ ಹೆಸರು ಶಾಸನಗಳಲ್ಲಿ ಬರುತ್ತದೆ.

ಮೊದಲನೆಯದು ಶ್ರವಣಬೆಳಗೊಳದ್ದು. ಚಂದ್ರಗಿರಿಯ ಮೇಲಿರುವ ಸುಮಾರು ಕ್ರಿ.ಶ. 600ರ ಶಾಸನ, ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹು ಸ್ವಾಮಿ ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಆಪತ್ತನ್ನು ಮುಂಗಂಡು ಹೇಳಿದರೆಂದೂ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ತಿಳಿಸುತ್ತದೆ. ಆ ಎಂಟು ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ದೊರೆ ಚಂದ್ರಗುಪ್ತ ಹದಿನಾರು ಕನಸು ಕಂಡನೆಂದೂ, ಅವುಗಳಲ್ಲೊಂದಾದ ಹನ್ನೆರಡು ಹೆಡೆಯ ಹಾವನ್ನು ಭದ್ರಬಾಹು ಹನ್ನೆರಡು ವರ್ಷದ ಬರವೆಂದು ಬಿಡಿಸಿದರೆಂದೂ ಜೈನ ಕಥನಗಳು ಹೇಳುತ್ತವೆ. ಚಂದ್ರಗುಪ್ತ ಬಸದಿಯ ಜಾಲಂಧ್ರದ ಕಲ್ಲಿನಲ್ಲಿ ಇವರಿಬ್ಬರ ಬಾಳಿನ ಕಥೆಯನ್ನೇ ಕೆತ್ತಲಾಗಿದೆ. ಇಲ್ಲಿ ಕನಸು ಬಿಡಿಸಿದವರು ವಿದ್ಯೆ ಉಳ್ಳವರು. ಬಿಡಿಸಿದ ಅರ್ಥಕ್ಕೆ ತಾವೇ ಮೊದಲು ತಲೆಬಾಗಿ, ಸಂಘದ ಹಿತಕ್ಕಾಗಿ ಹೊರಟವರು.

ಎರಡನೆಯದು ಜನ್ನನ ಯಶೋಧರಚರಿತೆ, 1209ರ ಕಾವ್ಯ. ರಾಣಿ ಅಮೃತಮತಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರ ಅದನ್ನು ತಾಯಿಗೆ ಹೇಳಲಾರದೆ ಒಂದು ಕೆಟ್ಟ ಕನಸಿನ ಮರೆಯಲ್ಲಿ ಹೇಳುತ್ತಾನೆ. ಕಾಣದ ಕನಸು ಅದು. ತಾಯಿ ಚಂದ್ರಮತಿ ಅದನ್ನು ನಿಜವೆಂದೇ ತಿಳಿದು ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಹಿಂಸೆಗೆ ಒಪ್ಪದ ಮಗ ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುವಷ್ಟಕ್ಕೆ ಒಪ್ಪುತ್ತಾನೆ. ಆ ಒಂದು ಸಂಕಲ್ಪಹಿಂಸೆಯಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ.

ಈ ಕಾವ್ಯ ನಮ್ಮ ವಿಷಯಕ್ಕೆ ಅತ್ಯಂತ ಬೆಲೆಯುಳ್ಳ ಆಕರ. ಕಂಡದ್ದು ಇಲ್ಲಿ ಇಲ್ಲವೇ ಇಲ್ಲ, ಹೇಳಿದ್ದಿದೆ, ಬಿಡಿಸಿದ್ದಿದೆ. ಆದರೂ ಫಲ ಪೂರ್ತಿಯಾಗಿ ಬಂದಿದೆ. ಚಂದ್ರಮತಿ ಕೆಟ್ಟವಳಲ್ಲ, ಮಗನ ಮೇಲಿನ ಮಮತೆಯಿಂದಲೇ ಪರಿಹಾರ ಹೇಳಿದವಳು. ಮಗನ ಮುಖ ಬಾಡಿದ್ದೇಕೆ ಎಂದು ಬಗೆದು ಕೇಳುವ ಬದಲು ಕನಸಿಗೆ ಶಾಂತಿ ಹುಡುಕಿದ್ದೇ ಅವಳ ಎಡವಟ್ಟು. ಮನೆಯಲ್ಲಿ ಯಾರಾದರೂ ಕೆಟ್ಟ ಕನಸು ಹೇಳಿಕೊಂಡಾಗ ಇಂದಿಗೂ ನಡೆಯುವುದು ಇದೇ. ನೇರವಾಗಿ ಹೇಳಲಾಗದ ನೋವು ಕನಸಿನ ಮಾತಾಗಿ ಹೊರಬಂದರೆ, ಕೇಳಿದವರು ನೋವನ್ನು ಬಿಟ್ಟು ಕನಸಿಗೆ ಮದ್ದು ಮಾಡುತ್ತಾರೆ.

4. ಮೈಲಾರದ ಕಾರ್ಣಿಕ: ಊರೆಲ್ಲ ಕೂಡಿ ಬಿಡಿಸುವ ನುಡಿ

ಮನೆಯೊಳಗಿನ ಕನಸಿನ ಅರ್ಥ ಮನೆಯೊಳಗೇ ಉಳಿಯುತ್ತದೆ. ಸಂಶೋಧಕರಿಗೆ ಸಿಗುವುದು ಕಷ್ಟ. ಒಗಟಿನಂಥ ಒಂದು ಚಿತ್ರವನ್ನು ಸಾವಿರಾರು ಜನ ಒಟ್ಟಿಗೆ ಕೇಳಿ, ಕೇಳಿದ ಕ್ಷಣದಿಂದಲೇ ಬಿಡಿಸತೊಡಗುವ ಸನ್ನಿವೇಶವೊಂದು ಹೂವಿನಹಡಗಲಿ ತಾಲೂಕಿನಲ್ಲಿ ಪ್ರತಿ ವರ್ಷ ಒದಗುತ್ತದೆ. ಅದು ತುಂಗಭದ್ರೆಯ ತಡಿಯ ಮೈಲಾರದ ಕಾರ್ಣಿಕ. ಭಕ್ತರ ದೃಷ್ಟಿಯಲ್ಲಿ ಕಾರ್ಣಿಕ ಕನಸಲ್ಲ, ದೈವವಾಣಿ. ವ್ರತ ಹಿಡಿದು ಎಚ್ಚರದಲ್ಲಿರುವ, ದೇವರ ಸೇವಕನಾದ ಗೊರವಯ್ಯನ ಬಾಯಿಂದ ಬರುವಂಥದ್ದು. ಆ ಭೇದವನ್ನು ಗೌರವಿಸಿಯೇ ಎರಡನ್ನೂ ಜೊತೆಗಿಟ್ಟಿದ್ದೇನೆ. ಹೋಲಿಕೆ ಇರುವುದು ಮೂರನೆಯ ಹಂತದಲ್ಲಿ ಮಾತ್ರ, ಬಿಡಿಸುವ ರೀತಿಯಲ್ಲಿ.

ಮೈಲಾರಲಿಂಗ ಮಣಿಕಾಸುರ, ಮಲ್ಲಾಸುರರನ್ನು ಕೊಂದ ಕಥೆ ಈ ಕ್ಷೇತ್ರದ್ದು. ಮಹಾರಾಷ್ಟ್ರದಲ್ಲಿ ಖಂಡೋಬಾ, ತೆಲುಗು ನಾಡಿನಲ್ಲಿ ಮಲ್ಲಣ್ಣ ಎಂದು ಪೂಜೆಗೊಳ್ಳುವ ದೈವವೂ ಇದೇ ಪರಂಪರೆಯದೆಂಬುದನ್ನು ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ ವಿಸ್ತಾರವಾಗಿ ತೋರಿಸಿದ್ದಾರೆ. ಭರತ ಹುಣ್ಣಿಮೆಯಾದ ಎರಡನೆಯ ದಿನ ಡೆಂಕನಮರಡಿಯಲ್ಲಿ ಜನ ನೆರೆಯುತ್ತಾರೆ. ಉಪವಾಸ ವ್ರತ ಮಾಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ‘ಏಳುಕೋಟಿ’ ಎಂಬ ಭಕ್ತರ ಘೋಷ ಒಮ್ಮೆಗೇ ನಿಲ್ಲುತ್ತದೆ. ಒಂದೇ ಒಂದು ಮಾತು ನುಡಿದು, ಪರಾಕ್ ಹೇಳಿ ಕೆಳಗೆ ಬೀಳುತ್ತಾನೆ, ನೆರೆದವರು ಹಿಡಿದುಕೊಳ್ಳುತ್ತಾರೆ. ವಿವರಣೆ ಕೊಡುವುದು ಅವನ ಕೆಲಸವಲ್ಲ. ಅರ್ಥ ಕಟ್ಟುವ ಕೆಲಸ ಪೂರ್ತಿಯಾಗಿ ಕೇಳಿದವರದು.

ಈಚಿನ ಮೂರು ನುಡಿಗಳನ್ನು ನೋಡೋಣ. 2021ರ ಮಾರ್ಚ್ 1ರ ನುಡಿಯಲ್ಲಿ ಮುತ್ತಿನ ರಾಶಿ ಮೂರು ಪಾಲಾಗುವ ಚಿತ್ರವಿತ್ತು. ರಾಶಿ ಕಣದ ಮಾತು. ಬೆಳೆದ ಕಾಳನ್ನು ತೂರಿ ಗುಡ್ಡೆ ಹಾಕಿದ ಮೇಲೆ ಮಾಡುವ ಪಾಲು ರೈತನಿಗೆ ಚೆನ್ನಾಗಿ ಗೊತ್ತು. ಪಾಲಿನಲ್ಲಿ ತನಗೆಷ್ಟು ಉಳಿಯುತ್ತದೆ ಎಂಬ ಆತಂಕವೂ ಗೊತ್ತು. ಅದೇ ಮಾತನ್ನು ರಾಜಕೀಯದವರು ಪಕ್ಷಗಳ ಒಡಕೆಂದು ಓದಬಲ್ಲರು.

2023ರ ಫೆಬ್ರವರಿ 7ರ ನುಡಿಯಲ್ಲಿ ಅಂಬಲಿ ಹಳಸುವ, ಕಂಬಳಿ ಬೀಸುವ ಚಿತ್ರಗಳಿದ್ದವು. ವಿಧಾನಸಭೆ ಚುನಾವಣೆ ಮೂರು ತಿಂಗಳಲ್ಲಿತ್ತು. ಕಂಬಳಿ ಹಾಲುಮತದವರ ಹೆಗಲ ಮೇಲಿನದು. ಮೈಲಾರಲಿಂಗನ ಗೊರವರು ಹೊದೆಯುವುದೂ ಅದನ್ನೇ. ಹಾಗಾಗಿ ಅಧಿಕಾರ ಯಾರ ಕಡೆಗೆ ಹೋದೀತು ಎಂಬ ಅರ್ಥ ಬೇಗ ಹಬ್ಬಿತು. ಮೇ 20ರಂದು ಅದೇ ಹಾಲುಮತದ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಾಗ ಆ ಅರ್ಥ ಇನ್ನಷ್ಟು ಗಟ್ಟಿಯಾಯಿತು. ಆದರೆ ಅದೇ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಅಂಬಲಿ ಬಡವರ ಊಟ. ಅದು ಹಳಸುವ ಮಾತನ್ನು ಅನ್ನದ ಅಭಾವವೆಂದು ಓದಲು ಯಾವ ಅಡ್ಡಿಯೂ ಇರಲಿಲ್ಲ. ಚುನಾವಣೆಯ ಬಿಸಿಯಲ್ಲಿ ಕಂಬಳಿ ಮುಂದಾಯಿತು, ಅಂಬಲಿ ಹಿಂದಾಯಿತು. ಒಂದು ನುಡಿಯ ಯಾವ ಅರ್ಧ ಜನರ ಕಿವಿಯಲ್ಲಿ ನಿಂತಿತು ಎಂಬುದು ಆ ವರ್ಷದ ಬಗ್ಗೆ ಹೇಳುವಷ್ಟನ್ನು ನುಡಿಯೇ ಹೇಳುವುದಿಲ್ಲ.

2025ರ ಫೆಬ್ರವರಿ 14ರದು ತುಂಬಿದ ಕೊಡ ತುಳುಕುವ ಮಾತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ತಿರುವಿಹಾಕಿದ ನುಡಿ ಇದು. ತುಂಬಿದ ಕೊಡ ಸ್ವಪ್ನಪರಂಪರೆಯಲ್ಲಿ ಶುಭ. ತೀರ್ಥಂಕರನ ತಾಯಿ ಕಾಣುವ ಹದಿನಾರು ಕನಸುಗಳಲ್ಲಿ ಎರಡು ಪೂರ್ಣಕಲಶಗಳಿವೆ, ರತ್ನರಾಶಿಯೂ ಇದೆ. 941ರ ಪಂಪನ ಆದಿಪುರಾಣದಲ್ಲಿ ಮೊದಲ ತೀರ್ಥಂಕರನ ತಾಯಿ ಮರುದೇವಿಯ ಕನಸುಗಳು ಬರುತ್ತವೆ. ಹೀಗೆ ಶುಭವೆಂದು ಎಣಿಸಿದ ಚಿತ್ರ ತುಳುಕಿದಾಗ ಸಮೃದ್ಧಿ ಉಕ್ಕಿತೆಂದು ಹೇಳಬೇಕೋ, ಇದ್ದದ್ದು ಚೆಲ್ಲಿತೆಂದು ಹೇಳಬೇಕೋ? ನಾಡಿನ ಚರ್ಚೆ ಮತ್ತೆ ಗದ್ದುಗೆಯ ಕಡೆಗೆ ತಿರುಗಿತು. ಆದರೆ ತುಂಗಭದ್ರಾ ಜಲಾಶಯದ ಹಿನ್ನೀರಿನ ಅಂಚಿನ ಹಗರಿಬೊಮ್ಮನಹಳ್ಳಿಯ ಕೇಳುಗರಿಗೆ ಬೇರೆ ನೆನಪು ಬಂದಿದ್ದರೆ ಅಚ್ಚರಿಯಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗಲೇ ಅದರ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತಾತ್ಕಾಲಿಕ ತಡೆ ಕೂರಿಸುವವರೆಗೆ ನೀರು ನದಿಪಾಲಾಗಿತ್ತು. ಒಂದೇ ಕೊಡ ಬೆಂಗಳೂರಿನಲ್ಲಿ ಕುರ್ಚಿಯಾಗಬಹುದು, ಈ ಸೀಮೆಯಲ್ಲಿ ಅಣೆಕಟ್ಟಾಗಬಹುದು.

ಪಾಠದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಪತ್ರಿಕೆಗಳು ಒಂದೇ ನುಡಿಯನ್ನು ಒಂದೆಡೆ ಆಯಿತು ಎಂದೂ ಇನ್ನೊಂದೆಡೆ ಆದೀತು ಎಂದೂ ಮುದ್ರಿಸುವುದುಂಟು. ಮೊದಲನೆಯದು ನಡೆದುಹೋದದ್ದು, ಎರಡನೆಯದು ನಡೆಯಬಹುದಾದದ್ದು. ಗದ್ದಲದ ಬಯಲಿನಲ್ಲಿ ಒಮ್ಮೆ ಕೇಳಿದ ಮಾತಿಗೆ ಈ ವ್ಯತ್ಯಾಸ ಬರುವುದು ಸಹಜ. ಬೆಳಗ್ಗೆ ಎದ್ದು ಹೇಳುವ ಕನಸಿನಲ್ಲೂ ಹೇಳುವಾಗಲೇ ಹೀಗೆ ಕೆಲವು ವಿವರ ಸೇರಿ, ಕೆಲವು ಬಿದ್ದುಹೋಗುತ್ತವೆ. ಆದ್ದರಿಂದ ಮೊದಲು ಪಾಠವನ್ನು ನಿರ್ಣಯಿಸಿ ಆಮೇಲೆ ಅರ್ಥಕ್ಕೆ ಕೈಹಾಕಬೇಕು.

ಈ ಮೂರು ನುಡಿಗಳ ಚಿತ್ರಗಳೆಲ್ಲ ಕಣ, ಒಲೆ, ಹೆಗಲು, ನೀರಿನ ಕೊಡ ಇವುಗಳಿಂದಲೇ ಬಂದಿವೆ ಎಂಬುದು ಗಮನಾರ್ಹ. ಅರಮನೆ, ಸಿಂಹಾಸನ, ಕಿರೀಟಗಳ ಸುಳಿವಿಲ್ಲ. 1025ರ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯ ಅಂತರ್ಜಲ, ಗಿಡಮರಗಳ ಆರೈಕೆ, ಅಡುಗೆ, ಔಷಧ, ಶಕುನ ಎಲ್ಲವನ್ನೂ ಒಂದೇ ಹೊತ್ತಗೆಯಲ್ಲಿ ಸೇರಿಸಿದ. ಒಕ್ಕಲುತನ ಮತ್ತು ನಿಮಿತ್ತ ಒಂದೇ ಬದುಕಿನ ಭಾಗಗಳೆಂಬ ಆ ನೋಟ ಮೈಲಾರದ ಬಯಲಿನಲ್ಲಿ ಇಂದಿಗೂ ಕಾಣುತ್ತದೆ. ಸುದ್ದಿವಾಹಿನಿಗಳು ಈ ನುಡಿಗಳನ್ನು ಬರೀ ರಾಜಕೀಯ ಜ್ಯೋತಿಷ್ಯವಾಗಿ ಕುಗ್ಗಿಸಿದಾಗ, ಮಳೆಬೆಳೆಗಾಗಿ ಕಿವಿಗೊಟ್ಟು ನಿಂತವರ ಓದು ದಾಖಲೆಯಿಂದ ಅಳಿಸಿಹೋಗುತ್ತದೆ. ಅದು ನನಗೆ ನೋವಿನ ಸಂಗತಿ.

5. ಅರ್ಥ ತಪ್ಪಿದಾಗ: ಉಚ್ಚಂಗಿದುರ್ಗದ ಪಾಠ

ಮೈಲಾರದಲ್ಲಿ ತಪ್ಪು ಅರ್ಥಕ್ಕೆ ತೆರುವ ಬೆಲೆ ದೊಡ್ಡದಲ್ಲ; ಮುಂದಿನ ವರ್ಷ ಇನ್ನೊಂದು ನುಡಿ ಬರುತ್ತದೆ. ಅದೇ ಭರತ ಹುಣ್ಣಿಮೆಗೆ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಗುಡ್ಡದಲ್ಲೂ ಜಾತ್ರೆ ನೆರೆಯುತ್ತದೆ. ಅಲ್ಲಿ ತಪ್ಪು ಅರ್ಥದ ಬೆಲೆ ಬಹಳ ದೊಡ್ಡದಿತ್ತು. ಉಚ್ಚೆಂಗೆಮ್ಮನ ಮೇಲಿನ ಭಕ್ತಿಯ ಹೆಸರಿನಲ್ಲಿ ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿ ಈ ಜಾತ್ರೆಗೆ ಅಂಟಿಕೊಂಡಿತ್ತು. ತಲೆಯಲ್ಲಿ ಜಡೆ ಬಂದರೆ ದೇವಿಯ ಕರೆ, ಮನೆಯಲ್ಲಿ ಕಾಯಿಲೆ ಬಿಡದಿದ್ದರೆ ದೇವಿಯ ಕೋಪ, ದೇವಿ ಕನಸಿನಲ್ಲಿ ಬಂದರೆ ಮಗಳನ್ನು ಕೇಳಿದಳು ಎಂದು ಬಿಡಿಸಿದ ಅರ್ಥಗಳು ಉತ್ತರ ಕರ್ನಾಟಕದಲ್ಲಿ ಎಷ್ಟೋ ಹುಡುಗಿಯರ ಬಾಳನ್ನು ತೀರ್ಮಾನಿಸಿದವು.

ಗಂಟುಕಟ್ಟಿದ ಕೂದಲು ಎಣ್ಣೆ, ಬಾಚಣಿಗೆ, ಆರೈಕೆ ಕೇಳುತ್ತಿತ್ತು. ಬಿಡದ ಕಾಯಿಲೆ ವೈದ್ಯರನ್ನು ಕೇಳುತ್ತಿತ್ತು. ಕನಸು ಬಹುಶಃ ಆ ಮನೆಯ ಬಡತನ ಮತ್ತು ಭಯವನ್ನೇ ಹೇಳುತ್ತಿತ್ತು. ಚರಕನ ವಿಂಗಡಣೆಯಲ್ಲಿ ಅದು ನೋಡಿ, ಕೇಳಿ, ಅನುಭವಿಸಿ ಬಂದ ನಿಷ್ಫಲ ಕನಸು. ಅದನ್ನು ಆಜ್ಞೆಯಾಗಿ ಮಾರ್ಪಡಿಸಿದ್ದು ಅರ್ಥ ಹೇಳಿದ ಬಾಯಿ. ಆ ಅರ್ಥದಿಂದ ಲಾಭ ಪಡೆದವರು ಬೇರೆ, ಬೆಲೆ ತೆತ್ತವಳು ಬೇರೆ.

ಕಾನೂನು ಇಲ್ಲಿಗೆ ಬೇಗ ಬಂದಿತ್ತು. ಬಳ್ಳಾರಿ ಆಗ ಮದರಾಸಿನಲ್ಲಿದ್ದುದರಿಂದ 1947ರ ಮದರಾಸು ದೇವದಾಸಿ ನಿಷೇಧ ಕಾಯಿದೆ ಈ ತಾಲೂಕುಗಳಿಗೂ ಅನ್ವಯಿಸುತ್ತಿತ್ತು. ಆಮೇಲೆ ಕರ್ನಾಟಕದ 1982ರ ಕಾಯಿದೆ ಬಂತು. ಆದರೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ಮಹಿಳೆಯರು ಒಟ್ಟು 46,660. ಕಾಯಿದೆ ಮುತ್ತು ಕಟ್ಟುವ ಕೈಯನ್ನು ತಡೆಯಬಲ್ಲದು. ಗುರುತಿಗೆ ಅರ್ಥ ಹೇಳುವ ಬಾಯಿಗೆ ಉತ್ತರ ಕೊಡಬೇಕಾದದ್ದು ಶಿಕ್ಷಣ, ವೈದ್ಯ ಮತ್ತು ನೆರೆಹೊರೆ. ಈ ಕಡೆಯ ಮಾಜಿ ದೇವದಾಸಿ ಮಹಿಳೆಯರು ಸಂಘಟಿತರಾಗಿ, ತಮ್ಮ ಮಕ್ಕಳಿಗೆ ಈ ಅರ್ಥವನ್ನು ದಾಟಿಸುವುದಿಲ್ಲ ಎಂದು ನಿಂತಿದ್ದಾರೆ. ಹಿಂದಿನವರು ಹೇಳಿದ ಅರ್ಥವನ್ನು ತಿರಸ್ಕರಿಸಿದ ಅವರ ಆ ನಿಲುವೇ ಈ ಸೀಮೆ ಕಂಡ ಅತ್ಯಂತ ಮಹತ್ವದ ಅರ್ಥನಿರ್ಣಯ ಎಂದು ನಾನು ಭಾವಿಸುತ್ತೇನೆ.

6. ನಿರ್ಣಯ ಮತ್ತು ಸಲಹೆ

ಮೇಲಿನ ಆಧಾರಗಳಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಯಾವ ಚಿತ್ರಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ಅರ್ಥವಿಲ್ಲ. ತುಂಬಿದ ಕೊಡ ಒಂದೆಡೆ ತೀರ್ಥಂಕರನ ಜನನ, ಇನ್ನೊಂದೆಡೆ ನದಿಪಾಲಾದ ನೀರು. ಎರಡು, ಅರ್ಥವನ್ನು ಆರಿಸುವುದು ಕೇಳುವವರ ಕಾಲ, ಕಸುಬು, ಆತಂಕ. ಮೂರು, ನಿಜವಾಯಿತು ಎಂಬ ನಂಬಿಕೆ ಬಹುಪಾಲು ಘಟನೆ ನಡೆದ ಮೇಲೆ ಹಿಂದಕ್ಕೆ ಹೋಗಿ ಕೂಡಿಸಿದ್ದು. ಹೊಂದದ ಅರ್ಥಗಳು ಮರೆತುಹೋಗಿ ಹೊಂದಿದ್ದೊಂದೇ ಉಳಿಯುತ್ತದೆ.

ಈ ಮೂರನೆಯ ತೊಡಕನ್ನು ಬಿಡಿಸಲು ದಾರಿ ಇದೆ. ಕಾರ್ಣಿಕ ನುಡಿದ ದಿನವೇ, ಸಂಜೆಯೊಳಗೆ, ಬೇರೆ ಬೇರೆ ಊರಿನ, ಕಸುಬಿನ, ವಯಸ್ಸಿನ ಕೇಳುಗರಿಂದ ಅವರವರ ಅರ್ಥವನ್ನು ದಿನಾಂಕ ಹಾಕಿ ಬರೆದುಕೊಳ್ಳಬೇಕು. ಹೆಸರು ಬೇಕಿಲ್ಲ, ಯಾವ ಊರು, ಏನು ಬೆಳೆ, ನೀರಾವರಿಯೋ ಮಳೆಯಾಶ್ರಯವೋ, ನುಡಿಯನ್ನು ಬಯಲಿನಲ್ಲೇ ಕೇಳಿದರೋ ಫೋನಿನಲ್ಲೋ ಎಂಬಷ್ಟು ಸಾಕು. ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರಿನ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಹತ್ತು ವರ್ಷ ಇದನ್ನು ಮಾಡಿದರೆ ಈ ಸೀಮೆಯ ಭಯ ಮತ್ತು ಆಸೆಗಳ ಚರಿತ್ರೆಯೊಂದು ಸಿದ್ಧವಾಗುತ್ತದೆ. ಅಂಥ ಸಂಗ್ರಹವನ್ನು ಕಾಪಾಡಲು ಜಿಲ್ಲೆಯಲ್ಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ.

ಮನೆಯೊಳಗಿನ ಕನಸಿಗೆ ಸಲ್ಲುವ ನಿಯಮ ಇನ್ನೂ ಸರಳ. ಯಾರಾದರೂ ಕನಸು ಹೇಳಿಕೊಂಡರೆ ಫಲಕ್ಕೆ ಮೊದಲು ಅವರ ದಿನ ಹೇಗೆ ಕಳೆಯಿತು, ಮೈ ಹೇಗಿದೆ, ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಕು. ಚರಕ ಹಾಕಿಕೊಟ್ಟ ಕ್ರಮ ಅದೇ. ಅದೇ ಕೆಟ್ಟ ಕನಸು ಮತ್ತೆ ಮತ್ತೆ ಬಿದ್ದು ನಿದ್ದೆ ಕೆಡುತ್ತಿದ್ದರೆ ವೈದ್ಯರ ಹತ್ತಿರ ಕರೆದೊಯ್ಯಬೇಕು. ಬಿಡಿಸಿದ ಅರ್ಥ ಇನ್ನೊಬ್ಬರ ದುಡ್ಡು, ದೇಹ, ಮದುವೆ, ಓದು ಇವುಗಳಲ್ಲಿ ಯಾವುದನ್ನಾದರೂ ಕೇಳುವಂತಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಕನಸು ಕಂಡವರಿಗೆ ತಾವು ಕಂಡದ್ದರ ಮೇಲೆ ಹಿಡಿತವಿಲ್ಲ. ಅರ್ಥ ಹೇಳುವವರಿಗೆ ತಮ್ಮ ಮಾತಿನ ಮೇಲೆ ಪೂರ್ತಿ ಹಿಡಿತವಿದೆ. ಅದರ ಫಲಕ್ಕೆ ಅವರೇ ಬಾಧ್ಯರು.